ಎಣಿಸಿದ ಕಣ್ಣು, ಎಣಿಸದ ನೋಟ

ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಬೀಳಗಿಯ ವೈದ್ಯರೊಬ್ಬರ ಹೆಸರಿನ ಮುಂದೆ ಮೂರು ಸಂಖ್ಯೆಗಳಿವೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳು, ಭೇಟಿ ಕೊಟ್ಟ ಹಳ್ಳಿಗಳು 46,120, ಮತ್ತು 1993ರ ಫೆಬ್ರುವರಿ ಹೊತ್ತಿಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆಗಳು. 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರನ್ನು ಜನ ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. ಈ ಸಂಖ್ಯೆಗಳನ್ನು ಓದಿ ಬೆರಗಾಗುವುದು ಸುಲಭ. ಆದರೆ ಇವು ನಿಜಕ್ಕೂ ಏನನ್ನು ಎಣಿಸುತ್ತವೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಸುಶ್ರುತ ಸಂಹಿತೆ ಇದನ್ನು ‘ಲಿಂಗನಾಶ’ದ ಒಂದು ಬಗೆಯೆಂದು ಹೇಳಿ, ಶಲಾಕೆಯಿಂದ ಚಿಕಿತ್ಸೆ ಮಾಡುವ ವಿಧಾನ ಕೊಡುತ್ತದೆ. ಮಬ್ಬಾದ ಮಸೂರವನ್ನು ಸೂಜಿಯಿಂದ ನೋಟದ ದಾರಿಯಿಂದ ಬದಿಗೆ ತಳ್ಳುವ ಈ ಕ್ರಮ ಶತಮಾನಗಳ ಕಾಲ ಊರೂರು ತಿರುಗುವ ವೈದ್ಯರ ಕೈಯಲ್ಲಿ ಉಳಿಯಿತು. ಕೆಲವರಿಗೆ ಬೆಳಕು ಬಂತು, ಹಲವರಿಗೆ ಕೀವು ತುಂಬಿ ಕಣ್ಣೇ ಹೋಯಿತು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಮಸೂರವನ್ನು ತಳ್ಳದೆ ಹೊರಗೆ ತೆಗೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಲಂಧರದ ಹೆನ್ರಿ ಸ್ಮಿತ್ ಅದನ್ನು ಕೋಶಸಮೇತ ತೆಗೆಯುವ ವಿಧಾನವನ್ನು ಸಾವಿರಾರು ಜನರ ಮೇಲೆ ಮಾಡಿ ಪ್ರಸಿದ್ಧರಾದರು.

ವಿದ್ಯೆ ಇತ್ತು, ಅದು ಹಳ್ಳಿಗೆ ತಲುಪುತ್ತಿರಲಿಲ್ಲ. ನಮ್ಮ ಯಾದಗಿರಿ ಸೀಮೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ರೈಲು ಇತ್ತು ನಿಜ. ಆದರೆ ಕಣ್ಣು ಕಾಣದವರು ಒಬ್ಬರೇ ರೈಲು ಹತ್ತಲಾರರು. ಜೊತೆಗೆ ಹೋಗುವ ಮಗನ ಕೂಲಿ ಹೋಗುತ್ತದೆ, ರಾಶಿಯ ಕಾಲವಾದರೆ ಹೊಲ ಕಾಯುತ್ತದೆ. ‘ವಯಸ್ಸಾಯ್ತು, ಇನ್ನೇನು ನೋಡೋದದ’ ಎಂಬ ಮಾತು ಮೊದಲು ಬೀಳುತ್ತಿದ್ದದ್ದು ಅಜ್ಜಿಯರ ಪಾಲಿಗೆ.

1943ರಲ್ಲಿ ಶುರುವಾದ ಮೋದಿಯವರ ಶಿಬಿರಗಳು ಈ ಲೆಕ್ಕವನ್ನೇ ತಿರುಗಿಸಿದವು. ರೋಗಿ ಆಸ್ಪತ್ರೆಗೆ ಹೋಗುವ ಬದಲು ಆಸ್ಪತ್ರೆಯೇ ಊರಿಗೆ ಬಂತು. ಸಾಲಾಗಿ ಮೇಜುಗಳು, ಒಬ್ಬರ ಕಣ್ಣು ಮುಗಿಯುವಷ್ಟರಲ್ಲಿ ಮುಂದಿನವರು ಸಿದ್ಧ. ಆ ಕಾಲದ ಗಾಯ ದೊಡ್ಡದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗದೆ ಮಲಗಬೇಕು. ಅಂದರೆ ನೂರಾರು ಜನರಿಗೆ ಜಾಗ, ನೀರು, ಊಟ, ಕೈಹಿಡಿದು ನಡೆಸುವವರು ಬೇಕು. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದ ದಾಸೋಹ ಕಂಡವರಿಗೆ ಇದು ಎಷ್ಟು ದೊಡ್ಡ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ಶಿಬಿರದ ಅರ್ಧ ಶಕ್ತಿ ವೈದ್ಯರ ಕೈಯಲ್ಲಿದ್ದರೆ, ಇನ್ನರ್ಧ ಒಲೆ ಹೂಡಿದವರ ಕೈಯಲ್ಲಿತ್ತು. ದಾಖಲೆಯ ಪುಸ್ತಕಕ್ಕೆ ಆ ಕೈಗಳು ಸಿಕ್ಕಿಲ್ಲ.

ಇನ್ನೊಂದು ಸಂಗತಿಯೂ ಸಿಕ್ಕಿಲ್ಲ. ಮಸೂರ ತೆಗೆದ ಕಣ್ಣು ಬೆಳಕು ಕಂಡರೂ ರೂಪ ಕಾಣುವುದಿಲ್ಲ. ಅದಕ್ಕೆ ಸುಮಾರು ಹತ್ತು ಡಯಾಪ್ಟರ್ ಶಕ್ತಿಯ ಗಾಜು ಬೇಕು. ಅದೇ ನಾವು ಚಿಕ್ಕವರಿದ್ದಾಗ ನಕ್ಕು ಆಡಿಕೊಳ್ಳುತ್ತಿದ್ದ ಸೋಡಾಬುಡ್ಡಿ ಕನ್ನಡಕ. ಆ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತದೆ. ಮೆಟ್ಟಿಲು ಇರುವಲ್ಲಿ ಕಾಲು ಬೀಳುವುದಿಲ್ಲ. ಕನ್ನಡಕ ಒಡೆದರೆ ಶಸ್ತ್ರಚಿಕಿತ್ಸೆಯ ಲೆಕ್ಕ ಹಾಗೇ ಇರುತ್ತದೆ, ನೋಟ ಮಾತ್ರ ಮತ್ತೆ ಹೋಗಿರುತ್ತದೆ.

ಇದಕ್ಕೆ ಉತ್ತರ 1949ರಲ್ಲೇ ಸಿಕ್ಕಿತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲಿ, ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಉರಿಯದೆ ಉಳಿದದ್ದನ್ನು ಗಮನಿಸಿ, ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಕೃತಕ ಮಸೂರ ಮಾಡಿಸಿ ಕೂರಿಸಿದರು. ಅದು ನಮ್ಮ ಹಳ್ಳಿಗಳ ತನಕ ಬರಲು ದಶಕಗಳೇ ಹಿಡಿದವು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೂ ಬಹುಕಾಲ ಸೋಡಾಬುಡ್ಡಿಯೇ ಗತಿಯಾಗಿತ್ತು. ಮಸೂರ ಕೂರಿಸುವ ಕಾಲ ಬಂದಮೇಲೆ ಸೋಂಕಿನ ಭಯದಿಂದ ಶಾಲೆಯ ಕೋಣೆಗಳ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಈಗ ತಪಾಸಣೆ ಊರಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ.

ಇಷ್ಟರಿಂದ ಮೋದಿಯವರ ಕೆಲಸ ಸಣ್ಣದಾಗುವುದಿಲ್ಲ. ಕತ್ತಲಿಗೂ ದಪ್ಪ ಗಾಜಿಗೂ ನಡುವೆ ಆಯ್ಕೆ ಇದ್ದಾಗ ಅವರು ಕೊಟ್ಟದ್ದು ದೊಡ್ಡದು. ಆದರೆ ಗ್ಲಾಕೋಮಾ ಕಸಿದ ನೋಟವನ್ನು ಯಾವ ಶಿಬಿರವೂ ತಿರುಗಿ ತರಲಾರದು. ಅಲ್ಲಿ ಬೇಕಾದದ್ದು ಒಂದು ದಿನದ ದಾಖಲೆಯಲ್ಲ, ವರ್ಷಗಳ ಕಾಲ ತಪ್ಪದೆ ಹಾಕುವ ಹನಿಮದ್ದು ಮತ್ತು ಅದನ್ನು ನೆನಪಿಸುವ ಒಬ್ಬರು. ಪಟ್ಟಿ ಬಿಚ್ಚಿದ ಆರು ತಿಂಗಳಿಗೆ ಆ ಅಜ್ಜಿ ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಾಳೆಯೇ ಎಂದು ಹೋಗಿ ನೋಡಿದವರೇ ಕಣ್ಣಿನ ನಿಜವಾದ ಲೆಕ್ಕ ಬರೆಯಬಲ್ಲರು.