ಕರ್ನಾಟಕದ ಸರ್ಕಾರಿ ಪಶುವೈದ್ಯ ಸೇವೆ

ಜಾನುವಾರುಗಳಿಗೆ ಚಿಕಿತ್ಸೆ ನೀಡಲು, ಸಾಂಕ್ರಾಮಿಕ ರೋಗಗಳನ್ನು ತಡೆಯಲು, ತಳಿಗಳನ್ನು ಉತ್ತಮಪಡಿಸಲು ಮತ್ತು ಸಾಕುವವರಿಗೆ ನೆರವಾಗಲು ರಾಜ್ಯ ಸರ್ಕಾರ ನಡೆಸುತ್ತಿರುವ ವ್ಯವಸ್ಥೆ. ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ ಇದರ ಹೊಣೆ ಹೊತ್ತಿದೆ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 85 ಲಕ್ಷ ದನಗಳು, 30 ಲಕ್ಷ ಎಮ್ಮೆಗಳು, 1.10 ಕೋಟಿ ಕುರಿಗಳು ಮತ್ತು 62 ಲಕ್ಷ ಮೇಕೆಗಳಿದ್ದವು. ಜಾನುವಾರುಗಳಲ್ಲಿ ಹೆಚ್ಚಿನವು ಸಣ್ಣ ಹಿಡುವಳಿದಾರರ ಮತ್ತು ಭೂಮಿಯಿಲ್ಲದವರ ಕೊಟ್ಟಿಗೆಗಳಲ್ಲಿವೆ. ಮಳೆ ಕೈಕೊಟ್ಟ ವರ್ಷ ಇಂಥ ಮನೆಗಳನ್ನು ನಡೆಸುವುದು ಹಾಲಿನ ಬಟವಾಡೆ ಅಥವಾ ಸಂತೆಯಲ್ಲಿ ಮಾರಿದ ಒಂದೆರಡು ಟಗರಿನ ಹಣ. ಆದ್ದರಿಂದ ದನದ ಆಸ್ಪತ್ರೆಯ ಕೆಲಸವು ನೇರವಾಗಿ ರೈತನ ಬದುಕಿಗೆ ಸಂಬಂಧಿಸಿದ್ದು.

ಹಿನ್ನೆಲೆ

ಮೈಸೂರು ಸೀಮೆಯಲ್ಲಿ ಜಾನುವಾರು ಪಾಲನೆಗೆ ರಾಜಾಶ್ರಯ ಹಳೆಯದು. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿ ವಿಸ್ತರಿಸಿದ; ಟಿಪ್ಪು ಅದಕ್ಕೆ ಅಮೃತ ಮಹಲ್ ಎಂಬ ಹೆಸರಿಟ್ಟ. ಸೇನೆಯ ಸಾಗಣೆಗೆಂದು ಅಲ್ಲಿ ಬೆಳೆಸಿದ, ಅದೇ ಹೆಸರಿನ ತಳಿಯನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸರ್ಕಾರಿ ಕೇಂದ್ರ ಇಂದಿಗೂ ಕಾಪಾಡಿಕೊಂಡು ಬಂದಿದೆ.

ಆಧುನಿಕ ಪಶುವೈದ್ಯ ಸೇವೆ ಬೆಳೆಯಲು ಮುಖ್ಯ ಕಾರಣ ದೊಡ್ಡರೋಗ (ರಿಂಡರ್‌ಪೆಸ್ಟ್). ಊರಿಗೆ ಊರೇ ಎತ್ತುಗಳನ್ನು ಕಳೆದುಕೊಂಡು ಉಳುಮೆ ನಿಲ್ಲಿಸುವಂತೆ ಮಾಡುತ್ತಿದ್ದ ಈ ರೋಗವನ್ನು ಎದುರಿಸಲು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಆರಂಭವಾಯಿತು. ಹೆಬ್ಬಾಳದ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರ ಮುಂದುವರಿಕೆ. 1954ರಲ್ಲಿ ದೇಶದಾದ್ಯಂತ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಸಿಬ್ಬಂದಿ ಹಳ್ಳಿಹಳ್ಳಿಗೆ ನಡೆದು ಲಸಿಕೆ ಹಾಕಿದರು. 2006ರಲ್ಲಿ ಭಾರತವನ್ನು, 2011ರಲ್ಲಿ ಇಡೀ ಜಗತ್ತನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿದ ರೋಗ ಇದೊಂದೇ.

ರಚನೆ

ಪಶುಸಂಪತ್ತಿನ ರಕ್ಷಣೆ ಮತ್ತು ಪಶುವೈದ್ಯಕೀಯ ವೃತ್ತಿ ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದ ವಿಷಯಗಳು. ಜಿಲ್ಲೆಯಲ್ಲಿ ಉಪನಿರ್ದೇಶಕರು, ತಾಲ್ಲೂಕಿನಲ್ಲಿ ಸಹಾಯಕ ನಿರ್ದೇಶಕರು ಸೇವೆಯ ಮೇಲ್ವಿಚಾರಣೆ ನಡೆಸುತ್ತಾರೆ. ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಹಾಗೂ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರಗಳು ಹಳ್ಳಿಗಳಿಗೆ ಹತ್ತಿರದ ಹಂತಗಳು. ಜಿಲ್ಲಾ ಮಟ್ಟದ ಪಾಲಿಕ್ಲಿನಿಕ್‌ಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ಪ್ರಯೋಗಾಲಯ ಪರೀಕ್ಷೆಯ ಸೌಲಭ್ಯಗಳಿವೆ. ವೈದ್ಯರನ್ನು ತಯಾರು ಮಾಡುವ ಕೆಲಸ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಮತ್ತು ಅನಂತರ ಬೀದರಿನಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ್ದು.

ರೋಗ ತಡೆ

ಸರ್ಕಾರವೇ ಮಾಡಬೇಕಾದ, ಬೇರೆ ಯಾರೂ ಪೂರ್ತಿಯಾಗಿ ಮಾಡಲಾಗದ ಕೆಲಸವೆಂದರೆ ಲಸಿಕೆ. ಒಂದು ಹಸುವಿನ ಜ್ವರಕ್ಕೆ ಖಾಸಗಿ ವೈದ್ಯರು ಮದ್ದು ಕೊಡಬಹುದು. ಆದರೆ ಕಾಲುಬಾಯಿ ರೋಗ ಕೆರೆಯ ನೀರು, ಸಂತೆ ಮತ್ತು ಮೇವಿನ ಮೂಲಕ ಊರಿಂದೂರಿಗೆ ಹಬ್ಬುತ್ತದೆ. ದುಡ್ಡಿದ್ದವರ ದನಗಳಿಗಷ್ಟೇ ಲಸಿಕೆ ಹಾಕಿದರೆ ರೋಗ ಊರಲ್ಲೇ ಉಳಿಯುತ್ತದೆ. ಅದಕ್ಕೇ ಲಸಿಕೆ ಉಚಿತವಾಗಿ, ಮನೆಬಾಗಿಲಿಗೆ ಹೋಗಿ, ಒಂದೇ ಸುತ್ತಿನಲ್ಲಿ ಎಲ್ಲ ಜಾನುವಾರುಗಳಿಗೂ ಹಾಕುವಂಥದ್ದಾಗಿದೆ.

2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ದನ, ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ರೋಗದ ಲಸಿಕೆ ಹಾಕಲಾಗುತ್ತದೆ. ಗಬ್ಬದ ಹಸು ಅವಧಿಗೆ ಮೊದಲೇ ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲಾ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಲಸಿಕೆ ಕೊಡುತ್ತಾರೆ. ಪ್ರಾಣಿಯ ಕಿವಿಗೆ ಹಾಕಿದ ಓಲೆಯ 12 ಅಂಕಿಗಳ ಸಂಖ್ಯೆಯೊಡನೆ ಲಸಿಕೆಯ ವಿವರ ದಾಖಲಾಗುತ್ತದೆ. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ಮುಂಗಾರಿಗೆ ಮೊದಲು ಹಾಕುವುದು ವಾಡಿಕೆ. ಮಳೆ ಬಿದ್ದ ಮೇಲೆ ಇವು ಕೆರಳುತ್ತವೆ. ಕುರಿ, ಮೇಕೆಗಳಿಗೆ ಕರುಳುಬೇನೆ ಮತ್ತು ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ರೋಗಗಳ ಲಸಿಕೆಗಳು ಮುಖ್ಯವಾದವು.

ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ಪ್ರಾಣಿಯನ್ನು ಕೊಯ್ಯಬಾರದು. ಗಾಳಿ ತಗುಲಿದೊಡನೆ ರೋಗಾಣುಗಳು ಗಟ್ಟಿ ಕವಚದ ರೂಪ ತಾಳಿ ದಶಕಗಳ ಕಾಲ ಮಣ್ಣಿನಲ್ಲಿ ಬದುಕುತ್ತವೆ. ಕಳೇಬರವನ್ನು ಆಳವಾಗಿ ಹೂಳಿಸುವುದು, ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆ ಹಾಕುವುದು ವೈದ್ಯಾಧಿಕಾರಿಯ ಜವಾಬ್ದಾರಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆಂದು 2009ರಲ್ಲಿ ಜಾರಿಗೆ ಬಂದ ಕೇಂದ್ರ ಕಾಯ್ದೆ ರೋಗಪೀಡಿತ ಪ್ರದೇಶವನ್ನು ಘೋಷಿಸಲು, ಅಲ್ಲಿ ಜಾನುವಾರು ಸಾಗಣೆ ಮತ್ತು ಸಂತೆಗಳನ್ನು ತಡೆಯಲು ಅಧಿಕಾರ ಕೊಡುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು. ಎರಡೂ ರೋಗಗಳ ವೈರಾಣುಗಳು ಒಂದೇ ಕುಲದವು.

ತಳಿ ಅಭಿವೃದ್ಧಿ

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ, 1939ರಲ್ಲಿ, ಡಾ. ಸಂಪತ್ ಕುಮಾರನ್ ಅವರಿಂದ. ಈಗ ವೀರ್ಯವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್ ದ್ರವ ಸಾರಜನಕದಲ್ಲಿ ಇಟ್ಟು ಹಳ್ಳಿಯ ಕೇಂದ್ರಗಳವರೆಗೆ ಒಯ್ಯುತ್ತಾರೆ. ಬೀಜದ ಹೋರಿ ಸಾಕುವ ಶಕ್ತಿಯಿಲ್ಲದ ರೈತನಿಗೂ ಉತ್ತಮ ತಳಿಯ ಕರು ಪಡೆಯಲು ಇದರಿಂದ ಸಾಧ್ಯವಾಗಿದೆ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ, ಸಂಜೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ಪಾಠ. ಈ ಹೊತ್ತು ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟರ ಮಟ್ಟಿಗೆ ಮುಂದಿನ ಹಾಲೂ ತಡವಾಗುತ್ತದೆ. ಮಿಶ್ರತಳಿಗಳ ಜೊತೆಗೆ ಹಳ್ಳಿಕಾರ್, ಖಿಲಾರಿ, ದೇವಣಿ, ಕೃಷ್ಣಾ ಕಣಿವೆ, ಮಲೆನಾಡು ಗಿಡ್ಡ, ಬನ್ನೂರು ಕುರಿ ಮೊದಲಾದ ನಾಡತಳಿಗಳನ್ನು ಉಳಿಸುವುದೂ ಸರ್ಕಾರದ ಕರ್ತವ್ಯ.

ಚಿಕಿತ್ಸೆ ಮತ್ತು ಆರ್ಥಿಕ ನೆರವು

ಕರು ಅಡ್ಡ ಬಂದ ಹಸುವನ್ನು, ಹೊಟ್ಟೆಯುಬ್ಬರದಿಂದ ನೆಲ ಹಿಡಿದ ಎತ್ತನ್ನು ಆಸ್ಪತ್ರೆಗೆ ಒಯ್ಯಲಾಗದು. ಇಂಥ ಸಂದರ್ಭಕ್ಕೆಂದು 1962 ಸಂಖ್ಯೆಗೆ ಕರೆ ಮಾಡಿದರೆ ವೈದ್ಯರು ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳನ್ನು ಒದಗಿಸಲಾಗಿದೆ. ಒಂದು ಲಕ್ಷ ಜಾನುವಾರುಗಳಿಗೆ ಒಂದು ವಾಹನ ಎಂಬುದು ಇದರ ರಾಷ್ಟ್ರೀಯ ಮಾನದಂಡ. ಜಾನುವಾರು ವಿಮೆಯ ಪರಿಹಾರಕ್ಕೆ, ಕುರಿ ಮೇಕೆಗಳ ಆಕಸ್ಮಿಕ ಸಾವಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಗೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಅಗತ್ಯ. ಸಹಕಾರ ಸಂಘಗಳಿಗೆ ಹಾಲು ಹಾಕುವವರಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಪ್ರೋತ್ಸಾಹಧನ ಮುಂದೆ 5 ರೂಪಾಯಿಗೆ ಏರಿತು.

ಮನುಷ್ಯರ ಆರೋಗ್ಯ

ರೇಬಿಸ್, ಬ್ರುಸೆಲ್ಲಾ, ನೆರಡಿ ರೋಗಗಳು ಪ್ರಾಣಿಗಳಿಂದ ಮನುಷ್ಯರಿಗೂ ಹರಡುತ್ತವೆ. ಹಾಲು ಕರೆಯುವವರು, ದನಗಳ ಹೆರಿಗೆ ಮಾಡಿಸುವವರು, ತೊಗಲಿನ ಕೆಲಸದವರು ಮೊದಲು ಅಪಾಯಕ್ಕೆ ಸಿಲುಕುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ಜನರಿಗೆ ಹಾಕುತ್ತಿದ್ದ ಲಸಿಕೆಯನ್ನು ಹಲವು ವರ್ಷ ತಯಾರಿಸಿದ್ದು ಹೆಬ್ಬಾಳದ ಪಶು ಸಂಸ್ಥೆಯೇ.

ಕೊರತೆ ಮತ್ತು ಅಗತ್ಯ

5,000 ಜಾನುವಾರುಗಳಿಗೆ ಒಬ್ಬ ಪಶುವೈದ್ಯರು ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿ ಶಿಫಾರಸು ಮಾಡಿತ್ತು. ವೈದ್ಯರ ಹುದ್ದೆ ಖಾಲಿ ಬಿದ್ದ ಕಡೆ ಒಬ್ಬರೇ ಎರಡು ಮೂರು ಕೇಂದ್ರಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಲಸಿಕೆಯ ಸುತ್ತು ನಡೆಯುವಾಗ ಚಿಕಿತ್ಸೆ ಹಿಂದೆ ಬೀಳುತ್ತದೆ. ಹಾಲು ಒಕ್ಕೂಟಗಳ ಪಶುವೈದ್ಯ ಸೇವೆ ಸದಸ್ಯ ಹೈನುಗಾರರಿಗೆ ಆಸರೆಯಾಗಿದೆ. ಆದರೆ ಹಾಲಿನ ಸಂಘದ ಹೊರಗಿರುವ, ಮೇವು ನೀರು ಹುಡುಕಿ ಜಿಲ್ಲೆಯಿಂದ ಜಿಲ್ಲೆಗೆ ನಡೆಯುವ ಕುರಿಗಾಹಿಗೆ ಸರ್ಕಾರಿ ಆಸ್ಪತ್ರೆ ಬಿಟ್ಟರೆ ಬೇರೆ ದಾರಿ ಕಡಿಮೆ. ಮಂದೆಯಲ್ಲಿ ಪಿಪಿಆರ್ ಹೊಕ್ಕರೆ ಅವನ ಬಂಡವಾಳವೆಲ್ಲ ಒಂದೇ ವಾರದಲ್ಲಿ ಹೋಗಬಹುದು. ಮಂದೆ ತಂಗಿದ ಜಾಗಕ್ಕೇ ಲಸಿಕೆ ತಲುಪಿಸುವ ಏರ್ಪಾಡು, ಖಾಲಿ ಹುದ್ದೆಗಳ ಭರ್ತಿ ಮತ್ತು ತಾಲ್ಲೂಕು ಮಟ್ಟದಲ್ಲಿ ರೋಗ ಪತ್ತೆ ಸೌಲಭ್ಯ ಈ ಮೂರೂ ಒಟ್ಟಿಗೆ ನಡೆದಾಗ ಮಾತ್ರ, ದೊಡ್ಡರೋಗವನ್ನು ಗೆದ್ದ ಈ ಸೇವೆ ಕಾಲುಬಾಯಿ ರೋಗ ಮತ್ತು ಪಿಪಿಆರ್‌ಗಳನ್ನೂ ಗೆಲ್ಲಬಲ್ಲದು.