ಅರವತ್ತನಾಲ್ಕಕ್ಕೆ ನಿಂತ ಲೆಕ್ಕ

ಅರಸೀಕೆರೆ ಎಂದರೆ ಹಲವರಿಗೆ ರೈಲು ಬದಲಿಸುವ ಜಂಕ್ಷನ್. ಬೇಲೂರು, ಹಳೇಬೀಡಿಗೆ ಹೊರಟವರಿಗೆ ಬಸ್ಸು ಹಿಡಿಯುವ ಊರು. 2000ನೇ ಇಸವಿಯ ಮಳೆಗಾಲದಲ್ಲಿ ಅಲ್ಲಿನ ಪುಟ್ಟ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕಂಡ ಜಗಳ ನನಗೆ ಇನ್ನೂ ನೆನಪಿದೆ. ಅಂಗಡಿಯ ಯಜಮಾನರು ನಾಲ್ಕು ಕಂಪ್ಯೂಟರುಗಳಿಗೆ ಒಂದೇ ಟೆಲಿಫೋನ್ ತಂತಿಯಿಂದ ಇಂಟರ್‌ನೆಟ್ ಹಂಚಲು ಹಳೆಯ ಪೆಂಟಿಯಂ ಯಂತ್ರವೊಂದನ್ನು ಸರ್ವರ್ ಮಾಡಿಕೊಂಡಿದ್ದರು. ಅದರಲ್ಲಿದ್ದುದು ಲಿನಕ್ಸ್, ಪತ್ರಿಕೆಯೊಂದರ ಜತೆ ಬಂದ ಸಿ.ಡಿ.ಯಿಂದ ಹಾಕಿಕೊಂಡದ್ದು. ಯಂತ್ರ ತೆವಳತೊಡಗಿದಾಗ ಸಾಲ ಮಾಡಿ ಬೆಂಗಳೂರಿನಿಂದ 64 ಮೆಗಾಬೈಟಿನ ಇನ್ನೊಂದು ರ್‍ಯಾಮ್ ತರಿಸಿದರು. ಮೊದಲಿದ್ದ 64ಕ್ಕೆ ಇದು ಸೇರಿ 128 ಆಗಬೇಕಿತ್ತು. ಲಿನಕ್ಸನ್ನು ಕೇಳಿದರೆ ಅದು ಹೇಳಿದ್ದು ಮತ್ತೆ 64!

‘ಏನ್ ಸ್ವಾಮಿ, ಕೆಟ್ಟ ಮಾಲು ಕಳಿಸಿದ್ದೀರಲ್ಲ?’ ಎಂದು ಯಜಮಾನರು ಎಸ್.ಟಿ.ಡಿ.ಯಲ್ಲಿ ಕೂಗುತ್ತಿದ್ದರು. ಆ ಕಡೆಯವರೂ ಸುಮ್ಮನಿದ್ದಂತೆ ಕಾಣಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದೇ ಕೇಳಿದವರೆಲ್ಲ ತಿಳಿದೆವು.

ಸರ್ವರಿಗೆ ಪರದೆಯನ್ನೇ ಜೋಡಿಸಿರಲಿಲ್ಲ. ಪಕ್ಕದ ಯಂತ್ರದಿಂದಲೇ ಅದನ್ನು ನೋಡಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕಲಿಯಲು ಬರುತ್ತಿದ್ದ ಹುಡುಗನೊಬ್ಬ ಪರದೆಯೊಂದನ್ನು ತಂದು ಸಿಕ್ಕಿಸಿ ವಿದ್ಯುತ್ ಕೊಟ್ಟ. ಆರಂಭದಲ್ಲಿ ಯಂತ್ರ ತನ್ನ ಸ್ಮೃತಿಯನ್ನು ತಾನೇ ಎಣಿಸಿಕೊಳ್ಳುತ್ತದಷ್ಟೆ. ಅಂಕಿಗಳು ಓಡಿ 1,31,072 ಕಿಲೋಬೈಟಿಗೆ ನಿಂತವು. ಅಂದರೆ ಸರಿಯಾಗಿ 128 ಮೆಗಾಬೈಟ್. ಮಾಲು ಕೆಟ್ಟದ್ದಲ್ಲ. ಯಂತ್ರಕ್ಕೆ ಕಂಡದ್ದು ಲಿನಕ್ಸಿಗೆ ಕಾಣುತ್ತಿಲ್ಲ, ಅಷ್ಟೆ.

ಹೀಗೇಕೆ ಎಂದು ತಿಳಿಯಲು 1984ಕ್ಕೆ ಹೋಗಬೇಕು. ಆ ವರ್ಷ ಐ.ಬಿ.ಎಂ. ಸಂಸ್ಥೆ ಪಿ.ಸಿ. ಎ.ಟಿ. ಎಂಬ ಕಂಪ್ಯೂಟರನ್ನು ಹೊರತಂದಿತು. ಯಂತ್ರದಲ್ಲಿ ಎಷ್ಟು ಸ್ಮೃತಿಯಿದೆ ಎಂದು ಕಾರ್ಯಾಚರಣ ವ್ಯವಸ್ಥೆ ತಾನೇ ತಡಕಿ ನೋಡುವುದಿಲ್ಲ. ಯಂತ್ರದೊಳಗೇ ಕೂತಿರುವ ಬಯಾಸ್ ಎಂಬ ಸಣ್ಣ ತಂತ್ರಾಂಶವನ್ನು ಕೇಳುತ್ತದೆ. ‘ಮೊದಲ ಒಂದು ಮೆಗಾಬೈಟಿನ ಆಚೆಗೆ ಎಷ್ಟು ಕಿಲೋಬೈಟ್ ಇದೆ?’ ಎಂಬುದು ಪ್ರಶ್ನೆ. ಉತ್ತರ ಬರೆಯಲು ಕೊಟ್ಟ ಜಾಗ ಹದಿನಾರು ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ಅಷ್ಟು ಕಿಲೋಬೈಟ್ ಎಂದರೆ 64 ಮೆಗಾಬೈಟಿನ ಆಸುಪಾಸು. ಐದು ಅಂಕಿಯ ಮನೆ ಮಾತ್ರ ಇರುವ ಲೆಕ್ಕದ ಪುಸ್ತಕದಲ್ಲಿ ಗುಮಾಸ್ತ ಲಕ್ಷವನ್ನು ಹೇಗೆ ಬರೆದಾನು?

ಅಂದಿನವರನ್ನು ದೂರುವುದೂ ಸರಿಯಲ್ಲ. ಎ.ಟಿ.ಯಲ್ಲಿದ್ದ 80286 ಪ್ರೊಸೆಸರ್ ಮುಟ್ಟಬಲ್ಲ ಸ್ಮೃತಿಯೇ ಒಟ್ಟು 16 ಮೆಗಾಬೈಟ್. ಅದರ ನಾಲ್ಕರಷ್ಟು ಬರೆಯಲು ಜಾಗ ಬಿಟ್ಟಿದ್ದರು. ಆದರೆ ಮಾರನೆಯ ವರ್ಷವೇ, 1985ರಲ್ಲಿ, 4 ಗಿಗಾಬೈಟ್ ಮುಟ್ಟಬಲ್ಲ 80386 ಬಂತು. ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದ್ದು 4 ಮೆಗಾಬೈಟ್ ಸ್ಮೃತಿಯ 386 ಯಂತ್ರದ ಮೇಲೆ. ಅವರಿಗೆ 64 ಸಮುದ್ರದಂತೆ ಕಂಡಿರಲೂ ಸಾಕು. 1996ರಲ್ಲಿ ಬಂದ ಲಿನಕ್ಸ್ 2.0 ಕೂಡ ಅದೇ ಹಳೆಯ ಪ್ರಶ್ನೆಯನ್ನೇ ಕೇಳುತ್ತಿತ್ತು. ಅರಸೀಕೆರೆಯ ಸರ್ವರಿನಲ್ಲಿ ಇದ್ದುದು ಅದೇ.

ಇದ್ದರೂ ಪಟ್ಟಿಗೆ ಸೇರದೆ ಉಳಿಯುವುದು ಆ ಸೀಮೆಗೆ ಹೊಸದೇನಲ್ಲ. ಬೆಂಜಮಿನ್ ಲೂಯಿಸ್ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಆಗಲೂ ಊರಿನಲ್ಲೇ ಇತ್ತು, ಸಂಪುಟದಲ್ಲಿ ಇರಲಿಲ್ಲ. ಕ್ರಿ.ಶ. ಸುಮಾರು 450ರದೆಂದು ಹೇಳುವ ಹದಿನಾರು ಸಾಲಿನ ಆ ಶಾಸನ ವಿದ್ವಾಂಸರ ಗಮನಕ್ಕೆ ಬಂದದ್ದು ಎಂ.ಎಚ್. ಕೃಷ್ಣ ಅವರಿಂದ, 1936ರಲ್ಲಿ.

ಸರ್ವರಿಗೆ ಮದ್ದು ಸುಲಭದ್ದೇ. ಬಯಾಸ್ ಹೇಳಲಾಗದ ಉತ್ತರವನ್ನು ಮನುಷ್ಯನೇ ಹೇಳಿಬಿಡಬೇಕು. ಲಿನಕ್ಸನ್ನು ಎಬ್ಬಿಸುವ ಲಿಲೊ ಎಂಬ ತಂತ್ರಾಂಶದ ಕಡತದಲ್ಲಿ ‘ಮೆಮ್=128ಎಂ’ ಎಂದು ಒಂದು ಸಾಲು ಸೇರಿಸಿದರಾಯಿತು. ಇಲ್ಲಿ ಎಚ್ಚರವೂ ಬೇಕು. ಇಲ್ಲದ ಸ್ಮೃತಿಯನ್ನು ಇದೆಯೆಂದು ಬರೆದರೆ ಯಂತ್ರ ಅದನ್ನು ನಂಬಿ ಇಲ್ಲದ ಜಾಗಕ್ಕೆ ಕಾಲಿಟ್ಟು ಕುಸಿಯುತ್ತದೆ. ಹುಡುಗ ಸಾಲನ್ನು ಬರೆದು ಯಂತ್ರವನ್ನು ಮತ್ತೆ ಹಚ್ಚಿದ. ಮತ್ತೆ 64! ಯಜಮಾನರ ಕೈ ಪುನಃ ಫೋನಿನತ್ತ ಹೋಯಿತು. ಕಡತ ತಿದ್ದಿದ ಮೇಲೆ ಲಿಲೊವನ್ನು ಇನ್ನೊಮ್ಮೆ ಓಡಿಸದಿದ್ದರೆ ಹೊಸ ಸಾಲು ಡಿಸ್ಕಿನ ಆರಂಭದ ಭಾಗಕ್ಕೆ ತಲುಪುವುದೇ ಇಲ್ಲ. ಅವನು ಅದನ್ನೇ ಮರೆತಿದ್ದ. ಓಡಿಸಿದ ಮೇಲೆ 128ಕ್ಕೆ ಸ್ವಲ್ಪ ಕಡಿಮೆ ತೋರಿಸಿತು. ಆ ಸ್ವಲ್ಪ, ಲಿನಕ್ಸಿನ ತಿರುಳು ತನಗೆಂದು ಇಟ್ಟುಕೊಂಡದ್ದು.

1999ರ ಜನವರಿಯಲ್ಲಿ ಬಂದ 2.2 ಆವೃತ್ತಿ ಹೆಚ್ಚು ವಿಶಾಲವಾದ ಪ್ರಶ್ನೆ ಕೇಳಲು ಕಲಿತಿತ್ತು. 2001ರ 2.4ರ ಕಾಲಕ್ಕೆ ಒಂದೇ ಸಂಖ್ಯೆಯ ಬದಲು ಇಡೀ ಪಟ್ಟಿಯನ್ನೇ ಕೇಳುವ ಕ್ರಮ ನೆಲೆಯಾಯಿತು: ಇಲ್ಲಿಂದ ಇಲ್ಲಿಯವರೆಗೆ ಬಳಸಬಹುದು, ಇಲ್ಲಿಂದಾಚೆ ಕಾಯ್ದಿರಿಸಿದ್ದು. ನಮ್ಮ ಪಹಣಿಯಲ್ಲಿ ಸಾಗುವಳಿ ಜಮೀನನ್ನೂ ಖರಾಬನ್ನೂ ಬೇರೆ ಬೇರೆ ತೋರಿಸುವುದಿಲ್ಲವೆ, ಹಾಗೆ.

ಗಡಿಗಳು ಅಲ್ಲಿಗೆ ಮುಗಿಯಲಿಲ್ಲ. ಇಂಟೆಲ್‌ನ 430ಟಿ.ಎಕ್ಸ್. ಚಿಪ್‌ಸೆಟ್ಟಿನ ಬೋರ್ಡುಗಳು 256 ಮೆಗಾಬೈಟ್ ಸ್ಮೃತಿಯನ್ನು ಒಪ್ಪಿದರೂ ವೇಗದ ಕ್ಯಾಷ್ ಸೌಲಭ್ಯ ಕೊಡುತ್ತಿದ್ದುದು ಮೊದಲ 64ಕ್ಕೆ ಮಾತ್ರ. ಅಂಥ ಯಂತ್ರಕ್ಕೆ ಹಣ ಸುರಿದು ರ್‍ಯಾಮ್ ಹಾಕಿದರೆ ಕೆಲವು ಕೆಲಸಗಳು ನಿಧಾನವೇ ಆಗುತ್ತಿದ್ದವು. ಮುಂದೆ ಸರ್ವರುಗಳು ಗಿಗಾಬೈಟ್ ಲೆಕ್ಕಕ್ಕೆ ಬಂದಾಗ 32 ಬಿಟ್ ಲಿನಕ್ಸ್ ಸಾಮಾನ್ಯ ಸಿದ್ಧತೆಯಲ್ಲಿ 900 ಮೆಗಾಬೈಟಿನ ಸಮೀಪ ತಡೆಯಿತು. ಬೇರೆ ಆಯ್ಕೆಯೊಡನೆ ತಿರುಳನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. 4 ಗಿಗಾಬೈಟ್ ದಾಟುವ ಉಪಾಯ 1995ರ ಪೆಂಟಿಯಂ ಪ್ರೊದಲ್ಲೇ ಇತ್ತು. 2003ರಲ್ಲಿ ಎ.ಎಂ.ಡಿ.ಯ ಆಪ್ಟೆರಾನ್ 64 ಬಿಟ್ ದಾರಿ ತೆರೆದ ಮೇಲೆ ಈ ಕಸರತ್ತು ಕ್ರಮೇಣ ಬೇಡವಾಯಿತು.

ಆ ಸಂಜೆ ಯಜಮಾನರು ಬೆಂಗಳೂರಿಗೆ ಇನ್ನೊಂದು ಫೋನು ಮಾಡಿದರು. ದನಿ ಈ ಬಾರಿ ತಗ್ಗಿತ್ತು. ಮುಂದಿನ ಸಲ ನಾನು ಹೋದಾಗ ಸರ್ವರಿನ ಡಬ್ಬಿಯ ಮೇಲೆ ಚೀಟಿ ಅಂಟಿಸಿತ್ತು: ‘ಒಳಗೆ 128 ಇದೆ. ಲಿಲೊ ಓಡಿಸುವುದು ಮರೆಯಬೇಡಿ.’