ಒಂದೇ ಹೆಸರಿನ ಎಲೆಕ್ಟ್ರಿಕ್ ಕಾರು, ಬೇರೆ ಬೇರೆ ಪವರ್: ಘಾಟಿ ಹತ್ತೋಕೆ ಯಾವ ವೇರಿಯಂಟ್ ಸಾಕು?

ಸಕಲೇಶಪುರ: ಎಲೆಕ್ಟ್ರಿಕ್ ಕಾರು ನೋಡಲು ಶೋರೂಂಗೆ ಹೋದವರು ಮೊದಲು ಕೇಳೋದೇ ‘ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಓಡುತ್ತೆ’ ಅಂತ. ಮೋಟರ್ ಬಗ್ಗೆ ಕೇಳುವವರು ಕಡಿಮೆ. ಆದರೆ ಹೊರಗಿನಿಂದ ಒಂದೇ ಥರ ಕಾಣುವ, ಒಂದೇ ಹೆಸರಿನ ಕಾರಿನಲ್ಲೂ ಕಡಿಮೆ ಬೆಲೆಯ ವೇರಿಯಂಟ್ ಮತ್ತು ದುಬಾರಿ ವೇರಿಯಂಟ್ ನಡುವೆ ಮೋಟರ್ ಕೊಡುವ ಶಕ್ತಿಯೇ ಬೇರೆ ಇರಬಹುದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೋದು ಸಾಮಾನ್ಯವಾಗಿ ದುಬಾರಿ ವೇರಿಯಂಟ್‌ನ ಅಂಕಿ. ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವ ಜನ ಇದನ್ನು ನೋಡಿಯೇ ಅಡ್ವಾನ್ಸ್ ಕೊಡಬೇಕು.

2022ರ ಸೆಪ್ಟೆಂಬರ್‌ನಲ್ಲಿ ಬಂದ ಟಾಟಾ ಟಿಯಾಗೊ ಇವಿ ಇದಕ್ಕೆ ಒಳ್ಳೆ ಉದಾಹರಣೆ. ಅದಕ್ಕೆ ಎರಡು ಬ್ಯಾಟರಿ ಆಯ್ಕೆ ಇತ್ತು, 19.2 ಮತ್ತು 24 ಕಿಲೋವ್ಯಾಟ್ ಅವರ್. ಕರೆಂಟ್ ಬಿಲ್‌ನಲ್ಲಿ ಬರುವ ಒಂದು ಯೂನಿಟ್ ಅಂದ್ರೆ ಇದೇ ಒಂದು ಕಿಲೋವ್ಯಾಟ್ ಅವರ್, ಹಾಗಾಗಿ 19 ಯೂನಿಟ್ ಕಾರು, 24 ಯೂನಿಟ್ ಕಾರು ಅಂದ್ಕೊಂಡ್ರೂ ನಡೆಯುತ್ತೆ. ಸಣ್ಣ ಬ್ಯಾಟರಿಯ ಕಾರಿನ ಗರಿಷ್ಠ ಶಕ್ತಿ 45 ಕಿಲೋವ್ಯಾಟ್, ಟಾರ್ಕ್ 110 ನ್ಯೂಟನ್ ಮೀಟರ್. ದೊಡ್ಡದರದ್ದು 55 ಕಿಲೋವ್ಯಾಟ್, 114 ನ್ಯೂಟನ್ ಮೀಟರ್. ಟಾರ್ಕ್ ಹೆಚ್ಚುಕಡಿಮೆ ಒಂದೇ ಇರೋದ್ರಿಂದ ಊರೊಳಗೆ ಸಿಗ್ನಲ್ ಬಿಟ್ಟಾಗ ಎರಡೂ ಒಂದೇ ಥರ ಎಳೀತವೆ. ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ಬರಲು ಒಂದಕ್ಕೆ 6.2 ಸೆಕೆಂಡ್, ಇನ್ನೊಂದಕ್ಕೆ 5.7 ಸೆಕೆಂಡ್ ಅಂತ ಕಂಪನಿಯ ಲೆಕ್ಕ. ಅರ್ಧ ಸೆಕೆಂಡ್ ಯಾರಿಗೂ ಗೊತ್ತೇ ಆಗಲ್ಲ. ವ್ಯತ್ಯಾಸ ಗೊತ್ತಾಗೋದು ವೇಗದಲ್ಲಿ, ಏರಿನಲ್ಲಿ.

ಬ್ಯಾಟರಿ ಹಿಡಿದಿಟ್ಟ ಶಕ್ತಿ

ಮೋಟರ್ ಎಷ್ಟೇ ದೊಡ್ಡದಿದ್ದರೂ ಬ್ಯಾಟರಿ ಕೊಟ್ಟಷ್ಟೇ ಅದು ಓಡುವುದು. ಬ್ಯಾಟರಿಯಿಂದ ಒಮ್ಮೆಲೇ ಇಷ್ಟೇ ಕರೆಂಟ್ ಎಳೆಯಬಹುದು ಎಂಬ ಮಿತಿ ಇರುತ್ತದೆ. ಮೀರಿದರೆ ಸೆಲ್ ಬಿಸಿಯಾಗಿ ಬಾಳಿಕೆ ಕಮ್ಮಿಯಾಗುತ್ತೆ. ಟಿಯಾಗೊದ 45ನ್ನು 19.2ರಿಂದ ಭಾಗಿಸಿ, 55ನ್ನು 24ರಿಂದ ಭಾಗಿಸಿ, ಎರಡರಲ್ಲೂ ಬರೋದು ಸುಮಾರು 2.3. ಅಂದರೆ ಬ್ಯಾಟರಿಯ ಪ್ರತಿ ಯೂನಿಟ್ ಮೇಲೆ ಬೀಳುವ ಹೊರೆ ಎರಡೂ ಕಾರಿನಲ್ಲಿ ಒಂದೇ. ದುಬಾರಿ ವೇರಿಯಂಟ್‌ಗೆ ಹೆಚ್ಚು ಪವರ್ ಸಿಕ್ಕಿದ್ದು ದೊಡ್ಡ ಬ್ಯಾಟರಿಯ ಜೊತೆಗೆ.

ಮಹೀಂದ್ರ ಬಿಇ 6 ಕೂಡ ಹಾಗೇ. 59 ಯೂನಿಟ್ ಬ್ಯಾಟರಿಗೆ 170 ಕಿಲೋವ್ಯಾಟ್, 79ಕ್ಕೆ 210, ಟಾರ್ಕ್ ಎರಡಕ್ಕೂ 380. ನೆಕ್ಸಾನ್ ಇವಿ 2023ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ 30 ಯೂನಿಟ್ ಕಾರಿಗೆ 129 ಪಿಎಸ್, 40.5ಕ್ಕೆ 145 ಪಿಎಸ್ ಇತ್ತು, ಟಾರ್ಕ್ ಎರಡಕ್ಕೂ 215. ಅದರಲ್ಲಿ ಗರಿಷ್ಠ ವೇಗವೂ ಬೇರೆ, ಸಣ್ಣದಕ್ಕೆ 120 ಕಿ.ಮೀ., ದೊಡ್ಡದಕ್ಕೆ 150.

ಹಾಗಂತ ದೊಡ್ಡ ಬ್ಯಾಟರಿ ಅಂದ ಮಾತ್ರಕ್ಕೆ ಪವರ್ ಜಾಸ್ತಿ ಅನ್ನೋಕಾಗಲ್ಲ. ಎಂಜಿ ವಿಂಡ್ಸರ್ 38 ಯೂನಿಟ್ ಇರಲಿ, 52.9 ಯೂನಿಟ್ ಇರಲಿ, 136 ಪಿಎಸ್, 200 ನ್ಯೂಟನ್ ಮೀಟರ್ ಅಷ್ಟೇ. ಮಹೀಂದ್ರ ಎಕ್ಸ್‌ಯುವಿ 400ರ 34.5 ಮತ್ತು 39.4 ಯೂನಿಟ್ ಕಾರುಗಳೆರಡಕ್ಕೂ 150 ಪಿಎಸ್. ಅಲ್ಲಿ ಹೆಚ್ಚುವರಿ ದುಡ್ಡಿಗೆ ಸಿಗೋದು ದೂರ, ಎಳೆತ ಅಲ್ಲ. ಸೇಲ್ಸ್‌ನವರು ‘ಟಾಪ್ ಎಂಡ್ ತಗೊಳ್ಳಿ, ಪಿಕಪ್ ಚೆನ್ನಾಗಿದೆ’ ಅಂದಾಗ ಬ್ರೋಷರ್ ತೆರೆದು ಆ ವೇರಿಯಂಟ್‌ನ ಕಾಲಂ ನೋಡೋದು ಒಳ್ಳೇದು.

ನಿಜವಾಗಿ ಎರಡನೇ ಮೋಟರ್ ಸಿಗುವ ಕಾರುಗಳೂ ಇವೆ. 2025ರ ಜೂನ್‌ನಲ್ಲಿ ಬಂದ ಹ್ಯಾರಿಯರ್ ಇವಿಯ ಬೇರೆ ವೇರಿಯಂಟ್‌ಗಳಲ್ಲಿ ಹಿಂದೆ 238 ಪಿಎಸ್‌ನ ಒಂದೇ ಮೋಟರ್. ನಾಲ್ಕೂ ಚಕ್ರ ಎಳೆಯುವ ಕ್ಯುಡಬ್ಲ್ಯೂಡಿಯಲ್ಲಿ ಮುಂದೆ 158 ಪಿಎಸ್‌ನ ಇನ್ನೊಂದು ಮೋಟರ್ ಸೇರಿ ಟಾರ್ಕ್ 504ಕ್ಕೆ ಏರುತ್ತದೆ. ಕೆಸರಿನ ಎಸ್ಟೇಟ್ ರಸ್ತೆ ಇರುವವರಿಗೆ ಇದು ಉಪಯೋಗ, ಉಳಿದವರಿಗೆ ಶೋಕಿ.

ಈ ವೇರಿಯಂಟ್ ಲೆಕ್ಕ ಹೊಸದೇನಲ್ಲ. ಬೆಂಗಳೂರಿನ ರೇವಾ ಕಂಪನಿ ಮಹೀಂದ್ರ ಕೈಗೆ ಹೋದ ಮೇಲೆ ಬಂದ ಇ2ಒ ಪ್ಲಸ್‌ನಲ್ಲೂ ಸಾಮಾನ್ಯ ವೇರಿಯಂಟ್‌ಗೆ 19 ಕಿಲೋವ್ಯಾಟ್, ಪಿ8ಗೆ 30 ಕಿಲೋವ್ಯಾಟ್ ಇತ್ತು.

ಶಿರಾಡಿಯಲ್ಲಿ ಏನಾಗುತ್ತೆ?

ನಾಲ್ಕು ಜನ, ಲಗೇಜ್ ಸೇರಿ 1,500 ಕೆ.ಜಿ. ತೂಗುವ ಸಣ್ಣ ಕಾರು, 100 ಮೀಟರ್‌ಗೆ 10 ಮೀಟರ್ ಏರುವ ರಸ್ತೆ ಅಂತ ಇಟ್ಟುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 18 ಕಿಲೋವ್ಯಾಟ್ ಬೇಕು. 60ರಲ್ಲಿ ಸುಮಾರು 30. ಹಾಗಾದರೆ 45 ಕಿಲೋವ್ಯಾಟ್ ಕಾರು ಘಾಟಿ ಹತ್ತುತ್ತೆ, ಅನುಮಾನವೇ ಬೇಡ.

ಪ್ರಶ್ನೆ ಇರೋದು ಲಾರಿ ಓವರ್‌ಟೇಕ್ ಮಾಡುವಾಗ. 60ರಲ್ಲಿ 30 ಕಿಲೋವ್ಯಾಟ್ ಹತ್ತೋಕೇ ಹೋದರೆ ಮುನ್ನುಗ್ಗಲು 45ರ ಕಾರಿನಲ್ಲಿ ಉಳಿಯೋದು 15, 55ರ ಕಾರಿನಲ್ಲಿ 25. ಬ್ರೋಷರ್‌ನಲ್ಲಿ ಕಾಲುಭಾಗಕ್ಕೂ ಕಡಿಮೆ ಕಂಡ ವ್ಯತ್ಯಾಸ ಏರಿನಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ ಆಯ್ತು. ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಲೆಕ್ಕಕ್ಕೆ ಬರೋದು ಈ ಉಳಿಕೆ ಪವರ್ರೇ. ಸಣ್ಣ ವೇರಿಯಂಟ್ ಇರುವವರು ಪೆಟ್ರೋಲ್ ಕಾರಿನ ಅಂದಾಜಿನಲ್ಲಿ ನುಗ್ಗಬಾರದು.

ಇನ್ನೊಂದು ವಿಷಯ, ಈ 45, 55 ಎಲ್ಲ ಗರಿಷ್ಠ ಅಂಕಿ. ಸ್ವಲ್ಪ ಹೊತ್ತು ಸಿಗುತ್ತೆ, ಆಮೇಲೆ ಮೋಟರ್, ಇನ್ವರ್ಟರ್ ಅಥವಾ ಬ್ಯಾಟರಿ ಬಿಸಿಯಾದರೆ ಕಂಟ್ರೋಲರ್ ತಾನೇ ಪವರ್ ಇಳಿಸುತ್ತದೆ. ಸತತ ಎಷ್ಟು ಕೊಡಬಲ್ಲದು ಅಂತ ತಿಳಿಯೋಕೆ ದೇಶದಲ್ಲಿ ಎಐಎಸ್-041 ಎಂಬ ಮಾನದಂಡವಿದೆ. ಅದರಲ್ಲಿ 30 ನಿಮಿಷ ನಿರಂತರ ಕೊಡುವ ಶಕ್ತಿಯನ್ನೂ ಅಳೆಯುತ್ತಾರೆ. ಆ ಅಂಕಿ ಎಷ್ಟು ಅಂತ ಡೀಲರ್ ಹತ್ರ ಕೇಳಿ ನೋಡಬಹುದು.

ಚಾರ್ಜ್ ತೀರಾ ಕಮ್ಮಿಯಾದಾಗಲೂ ಪವರ್ ಇಳಿಯುತ್ತದೆ. ಕೆಲವು ಕಾರುಗಳಲ್ಲಿ ಮೀಟರ್ ಮೇಲೆ ಆಮೆ ಚಿತ್ರ ಬರುತ್ತೆ. ಮೇಲಿನ 1,500 ಕೆ.ಜಿ. ಕಾರು 800 ಮೀಟರ್ ಎತ್ತರ ಏರಿದರೆ ಏರಿಕೆಗೇ 3.3 ಯೂನಿಟ್, ಸೋರಿಕೆ ಸೇರಿ 4ರ ಹತ್ತಿರ ಖರ್ಚು. 19.2 ಯೂನಿಟ್ ಬ್ಯಾಟರಿಯಲ್ಲಿ ಅದು ಐದರಲ್ಲೊಂದು ಭಾಗ, ದೂರದ ಲೆಕ್ಕ ಬೇರೆ. ಮಂಗಳೂರಿಂದ ಬರೋರು ಗುಂಡ್ಯ ತಲುಪಿದಾಗ ಎಷ್ಟು ಪರ್ಸೆಂಟ್ ಇದೆ ಅಂತ ನೋಡಿಕೊಂಡೇ ಹತ್ತಬೇಕು.

ಇಳಿಯೋರಿಗೆ ತೊಂದರೆ ಉಲ್ಟಾ. ಇಳಿಜಾರಲ್ಲಿ ಮೋಟರ್ ಜನರೇಟರ್ ಥರ ಕೆಲಸ ಮಾಡಿ ಕಾರು ತಡೆದು ಬ್ಯಾಟರಿ ತುಂಬಿಸುತ್ತದೆ. ಬ್ಯಾಟರಿ ಆಗಲೇ ತುಂಬಿದ್ದರೆ ಆ ತಡೆ ಸರಿಯಾಗಿ ಸಿಗಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ. ಸಕಲೇಶಪುರದಲ್ಲಿ ಚಾರ್ಜ್‌ಗೆ ಹಾಕಿ ಮಂಗಳೂರು ಕಡೆ ಇಳಿಯುವವರು 100 ಪರ್ಸೆಂಟ್ ಆಗೋವರೆಗೆ ಕಾಯದೆ 90ರ ಒಳಗೇ ಕೇಬಲ್ ತೆಗೆದರೆ ಸಮಯವೂ ಉಳಿಯುತ್ತೆ, ಬ್ರೇಕೂ ಉಳಿಯುತ್ತೆ.